ಜಗಳ ಬೇರೆ, ಹೊಡೆತ ಬೇರೆ



ಒಂದು ಗಾದೆ ನಮಗೆಲ್ಲ ಗೊತ್ತು. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ." ನಮ್ಮ ಅಜ್ಜಿ ಹೇಳುತ್ತಿದ್ದರು. ನಮ್ಮವ್ವ ಹೇಳುತ್ತಿದ್ದರು. ನಾವೂ ಹೇಳುತ್ತೇವೆ.

ಗಾದೆ ಸುಳ್ಳಲ್ಲ. ಸಾರಿಗೆ ಉಪ್ಪು ಹೆಚ್ಚಾಯ್ತು ಅಂತ ಜಗಳ ಆಗುತ್ತೆ. ತವರಿಗೆ ಹೋಗುವ ವಿಚಾರಕ್ಕೆ ಜಗಳ ಆಗುತ್ತೆ. ಅವರು ಒಂದು ಮಾತು ಆಡುತ್ತಾರೆ. ನಾವು ಎರಡು ಮಾತು ಆಡುತ್ತೇವೆ. ರಾತ್ರಿ ಮುದ್ದೆ ಉಂಡು ಮಲಗುತ್ತೇವೆ. ಬೆಳಗ್ಗೆ ಮರೆತು ಹೋಗುತ್ತೆ.

ಆದರೆ ಗಾದೆ ಹೇಳಿದ್ದು ಜಗಳದ ಮಾತು. ಹೊಡೆತದ ಮಾತಲ್ಲ.

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ತಾಯಿ ಬರುತ್ತಿದ್ದರು. ಯಾವ ಊರು, ಯಾರು ಅಂತ ಹೇಳುವುದಿಲ್ಲ. ಹೇಳಬಾರದು. ಬೇಗ ಬೇಗ ಕಲಿಯುತ್ತಿದ್ದರು. ನಡುವೆ ಎಂಟು ದಿನ ಬರಲಿಲ್ಲ. ಬಂದಾಗ ಬಲಗೈ ಊದಿತ್ತು. ಬಳಪ ಹಿಡಿಯಲು ಆಗುತ್ತಿರಲಿಲ್ಲ. "ಏನಾಯ್ತವ್ವ?" ಎಂದು ಕೇಳಿದೆವು. "ಕೊಟ್ಟಿಗೇಲಿ ಜಾರಿ ಬಿದ್ದೆ" ಎಂದರು. ಮುಂದಿನ ತಿಂಗಳು ಹಣೆಗೆ ಪೆಟ್ಟು. "ಬಾಗಿಲು ತಗುಲಿತು" ಎಂದರು. ಒಂದು ಸಂಜೆ ಎಲ್ಲರೂ ಮನೆಗೆ ಹೋದರು. ಅವರು ಮಾತ್ರ ನಿಂತರು. ನಿಜ ಹೇಳಿದರು.

ಆಗ ನಾವು ಏನು ಹೇಳಿದೆವು ಗೊತ್ತಾ? ಅದೇ ಗಾದೆ. "ಸ್ವಲ್ಪ ಹೊಂದಿಕೊಂಡು ಹೋಗಿ. ಮಕ್ಕಳ ಮುಖ ನೋಡಿ" ಎಂದೆವು. ಅವರು ತಲೆ ತಗ್ಗಿಸಿ ಹೋದರು. ಮತ್ತೆ ಕಲಿಯಲು ಬರಲೇ ಇಲ್ಲ.

ತಪ್ಪು ನಮ್ಮದು. ಅವರು ಧೈರ್ಯ ಮಾಡಿ ಬಾಯಿ ಬಿಟ್ಟರು. ನಾವು ಅವರ ಬಾಯಿ ಮುಚ್ಚಿಸಿದೆವು. ಏನು ಹೇಳಬೇಕು, ಎಲ್ಲಿಗೆ ಕಳಿಸಬೇಕು ಅನ್ನುವುದು ನಮಗೂ ಗೊತ್ತಿರಲಿಲ್ಲ. ಆಮೇಲೆ ಓದಿದೆವು. ತಿಳಿದವರನ್ನು ಕೇಳಿದೆವು. ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ.

ಜಗಳ ಯಾವುದು? ದೌರ್ಜನ್ಯ ಯಾವುದು?

ಜಗಳದಲ್ಲಿ ಇಬ್ಬರೂ ಮಾತಾಡುತ್ತಾರೆ. ದೌರ್ಜನ್ಯದಲ್ಲಿ ಒಬ್ಬರು ಮಾತಾಡುತ್ತಾರೆ, ಇನ್ನೊಬ್ಬರು ನಡುಗುತ್ತಾರೆ.

ಜಗಳ ಮುಗಿದ ಮೇಲೆ ಭಯ ಇರುವುದಿಲ್ಲ. ದೌರ್ಜನ್ಯದಲ್ಲಿ ಭಯ ಹೋಗುವುದೇ ಇಲ್ಲ. ಸಂಜೆ ಅವರ ಹೆಜ್ಜೆ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುತ್ತೆ. ಮಕ್ಕಳು ಮೂಲೆ ಸೇರುತ್ತಾರೆ.

ನಿಮ್ಮ ಮನೆಯಲ್ಲಿ ಇರುವುದು ಯಾವುದು? ನಿಮಗೆ ನೀವೇ ಕೇಳಿಕೊಳ್ಳಿ.

ಒಂದು ಮಾತು ಆಡುವ ಮೊದಲು ಹತ್ತು ಸಲ ಹೆದರುತ್ತೀರಾ?
ಗಾಯ ಕಾಣದಂತೆ ಸೆರಗು ಹೊದೆಯುತ್ತೀರಾ?
ತವರಿಗೆ ಹೋಗಲು, ಫೋನು ಮಾಡಲು, ನೆರೆಯವರ ಜೊತೆ ಮಾತಾಡಲು ಬಿಡುವುದಿಲ್ಲವಾ?
ಹೊಡೆಯುತ್ತಾರೆ, ಬೆಳಗ್ಗೆ ಅತ್ತು ತಪ್ಪಾಯ್ತು ಅನ್ನುತ್ತಾರೆ, ಸ್ವಲ್ಪ ದಿನ ಚೆನ್ನಾಗಿರುತ್ತಾರೆ, ಮತ್ತೆ ಹೊಡೆಯುತ್ತಾರಾ?

ಒಂದಕ್ಕೆ ಹೌದು ಅಂದರೂ ಸುಮ್ಮನಿರಬೇಡಿ. ಯೋಚನೆ ಮಾಡಿ.

ಕಡೆಯ ಪ್ರಶ್ನೆ ಇನ್ನೊಮ್ಮೆ ಓದಿ. ಹೊಡೆತ, ಕ್ಷಮೆ, ಮತ್ತೆ ಹೊಡೆತ. ಗಾಣದ ಎತ್ತಿನ ಹಾಗೆ ಇದು ಸುತ್ತುತ್ತಲೇ ಇರುತ್ತೆ. ಹೆಚ್ಚಿನ ಸಲ ಪೆಟ್ಟು ವರ್ಷದಿಂದ ವರ್ಷಕ್ಕೆ ಜೋರಾಗುತ್ತೆ. "ಈ ಸಲ ಕ್ಷಮೆ ಕೇಳಿದರಲ್ಲ" ಅಂತ ನಾವು ಕಾಯುತ್ತಾ ಕೂರುತ್ತೇವೆ.

ಕಾನೂನು ಹೇಳುವ ನಾಲ್ಕು ಬಗೆ

ನಮ್ಮ ದೇಶದಲ್ಲಿ ಇದಕ್ಕೇ ಒಂದು ಕಾನೂನು ಇದೆ. 2005ರಲ್ಲಿ ಬಂತು. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಅಂತ ಅದರ ಹೆಸರು. ಹೆಸರು ಉದ್ದ. ಅರ್ಥ ಸುಲಭ. ಮನೆಯೊಳಗೆ ನಡೆಯುವ ಹಿಂಸೆಯಿಂದ ಹೆಂಗಸರನ್ನು ಕಾಪಾಡುವ ಕಾನೂನು.

ಈ ಕಾನೂನು ನಾಲ್ಕು ಬಗೆಯ ಹಿಂಸೆ ಹೇಳುತ್ತೆ.

1. ಮೈಗೆ ಹಿಂಸೆ. ಹೊಡೆಯುವುದು, ಒದೆಯುವುದು, ತಳ್ಳುವುದು, ಸುಡುವುದು, ಕತ್ತು ಹಿಸುಕುವುದು. ಕತ್ತು ಹಿಸುಕುವುದು ಬಹಳ ಅಪಾಯ. ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

2. ಲೈಂಗಿಕ ಹಿಂಸೆ. ನಮಗೆ ಇಷ್ಟವಿಲ್ಲದಾಗ, ಮೈಗೆ ಹುಷಾರಿಲ್ಲದಾಗ ಬಲವಂತ ಮಾಡುವುದು. ತಾಳಿ ಕಟ್ಟಿದ್ದಾರೆ ಅಂದ ಮಾತ್ರಕ್ಕೆ ಹಿಂಸೆ ಸರಿ ಆಗುವುದಿಲ್ಲ. ಇದನ್ನು ಹೇಳಲು ನಾಚಿಕೆ ಆಗುತ್ತೆ. ನಾಚಬೇಕಾದವರು ನಾವಲ್ಲ.

3. ಮಾತಿನ ಹಿಂಸೆ, ಮನಸ್ಸಿಗೆ ಹಿಂಸೆ. ದಿನಾ ಬೈಯುವುದು. ಹೆಣ್ಣು ಹೆತ್ತೆ ಅಂತ, ಮಕ್ಕಳಾಗಲಿಲ್ಲ ಅಂತ ಹಂಗಿಸುವುದು. ಸುಮ್ಮಸುಮ್ಮನೆ ಅನುಮಾನ ಪಡುವುದು. ಕೊಲ್ಲುತ್ತೇನೆ ಅಂತ ಹೆದರಿಸುವುದು.

4. ಹಣದ ಹಿಂಸೆ. ಮನೆ ಖರ್ಚಿಗೆ ಕಾಸು ಕೊಡದಿರುವುದು. ನಾವು ದುಡಿದ ಕೂಲಿ ಕಿತ್ತುಕೊಳ್ಳುವುದು. ನಾವು ಹಸು ಸಾಕುತ್ತೇವೆ, ಡೇರಿಗೆ ಹಾಲು ಹಾಕುತ್ತೇವೆ, ಬಟವಾಡೆ ಬೇರೆಯವರ ಜೇಬಿಗೆ ಹೋಗುತ್ತೆ. ಸಂಘದಲ್ಲಿ ನಮ್ಮ ಹೆಸರಲ್ಲಿ ಸಾಲ ತೆಗೆಸಿ ಹಣ ಇಸಿದುಕೊಳ್ಳುತ್ತಾರೆ. ಗೃಹಲಕ್ಷ್ಮಿ ಹಣ ಕಸಿದುಕೊಳ್ಳುತ್ತಾರೆ. ತವರಿನ ಒಡವೆ ಕೇಳದೆ ಅಡ ಇಡುತ್ತಾರೆ. ಬಲವಂತದಿಂದ ಮಾಡಿದರೆ ಇದೂ ದೌರ್ಜನ್ಯವೇ. ವರದಕ್ಷಿಣೆ ತಾ ಅಂತ ಕಾಡುವುದೂ ದೌರ್ಜನ್ಯವೇ.

ಈ ಕಾನೂನು ಹೆಂಡತಿಗೆ ಮಾತ್ರವಲ್ಲ. ಅದೇ ಮನೆಯಲ್ಲಿ ಬಾಳುವ ತಾಯಿ, ಅಕ್ಕ, ತಂಗಿ, ಮಗಳು, ಗಂಡ ಸತ್ತ ಸೊಸೆ, ಎಲ್ಲರಿಗೂ ಇದೆ. ಮದುವೆ ಆಗದೆ ಗಂಡ ಹೆಂಡಿರ ಹಾಗೆ ಬಾಳಿದವರಿಗೂ ಇದೆ. ಯಾವ ಜಾತಿ, ಯಾವ ಧರ್ಮದವರಾದರೂ ಸರಿ. ಹಿಂಸೆ ಕೊಡುವವರು ಅತ್ತೆ, ನಾದಿನಿ ಆಗಿದ್ದರೂ ದೂರು ಕೊಡಬಹುದು. 2016ರಲ್ಲಿ ಸುಪ್ರೀಂ ಕೋರ್ಟು ಹೀಗೆ ಹೇಳಿದೆ.

ನಮ್ಮನ್ನು ಕಟ್ಟಿಹಾಕುವ ಮಾತುಗಳು

"ಕುಡಿದಾಗ ಮಾತ್ರ ಹೊಡೀತಾರೆ. ಆಮೇಲೆ ಬಂಗಾರದಂಥ ಮನುಷ್ಯ." ಹೀಗೆ ಎಷ್ಟೋ ಜನ ಹೇಳುತ್ತಾರೆ. ಕುಡಿತ ಹಿಂಸೆಯನ್ನು ಹೆಚ್ಚು ಮಾಡುತ್ತೆ. ನಿಜ. ಆದರೆ ಯೋಚನೆ ಮಾಡಿ. ಅದೇ ಕುಡಿದವರು ಊರ ಯಜಮಾನರ ಮೇಲೆ ಕೈ ಎತ್ತುತ್ತಾರಾ? ಪೊಲೀಸರ ಮೇಲೆ ಎತ್ತುತ್ತಾರಾ? ಇಲ್ಲ. ಮನೆಗೆ ಬಂದು ಹೆಂಡತಿ ಮೇಲೆ ಎತ್ತುತ್ತಾರೆ. ಯಾರಿಗೆ ಹೊಡೆದರೆ ಏನೂ ಆಗುವುದಿಲ್ಲ ಅನ್ನುವುದು ಕುಡಿದವರಿಗೂ ಗೊತ್ತಿರುತ್ತೆ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಹೊಡೆತ ನಿಲ್ಲಲಿಲ್ಲ.

"ನನ್ನದೇ ತಪ್ಪು. ಎದುರು ಮಾತಾಡಿದೆ." ತಪ್ಪು ಮಾಡಿದರೆ ಮಾತಲ್ಲಿ ಹೇಳಬಹುದು. ಯಾವ ತಪ್ಪಿಗೂ ಹೊಡೆಯುವ ಹಕ್ಕು ಯಾರಿಗೂ ಇಲ್ಲ.

"ಮಕ್ಕಳಿಗಾಗಿ ಸಹಿಸಬೇಕು." ಮಕ್ಕಳು ಎಲ್ಲ ನೋಡುತ್ತಾರೆ. ನಿದ್ದೆ ಬಂದವರ ಹಾಗೆ ಮಲಗಿದ್ದರೂ ಕೇಳುತ್ತಾರೆ. ಶಾಲೆಯಲ್ಲಿ ನಮಗೆ ಅದು ತಿಳಿಯುತ್ತೆ. ಹಿಂದಿನ ರಾತ್ರಿ ಮನೆಯಲ್ಲಿ ಹೊಡೆತ ಆಗಿದ್ದರೆ ಆ ಮಗುವಿಗೆ ಮಗ್ಗಿ ಬಾಯಿಗೆ ಬರುವುದಿಲ್ಲ.

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು." ತವರಿನವರೂ ಇದನ್ನು ಹೇಳಿ ಕಳಿಸುತ್ತಾರೆ. ಮಗಳು ಅಳುತ್ತಾ ಬಂದರೆ ಮೊದಲು ಊಟ ಹಾಕಿ. ಮಾತು ಕೇಳಿ. ಆ ರಾತ್ರಿಯೇ ಹಿಂದಕ್ಕೆ ಕಳಿಸಬೇಡಿ.

ನಾವು ಒಬ್ಬರೇ ಅಲ್ಲ

2019ರಿಂದ 2021ರವರೆಗೆ ಸರ್ಕಾರ ದೇಶದಲ್ಲೆಲ್ಲ ಕುಟುಂಬ ಆರೋಗ್ಯ ಸಮೀಕ್ಷೆ ಮಾಡಿಸಿತು. 18ರಿಂದ 49 ವರ್ಷದ, ಮದುವೆಯಾದ ಹೆಂಗಸರನ್ನು ಈ ವಿಷಯ ಕೇಳಿದರು. ಕರ್ನಾಟಕದಲ್ಲಿ 100 ಜನರಲ್ಲಿ 44 ಜನ ಗಂಡನಿಂದ ಇಂಥ ಹಿಂಸೆ ಆಗಿದೆ ಎಂದರು. ಇಡೀ ದೇಶದ ಲೆಕ್ಕ 100ಕ್ಕೆ 29. ನಮ್ಮ ರಾಜ್ಯದ ಲೆಕ್ಕವೇ ಎಲ್ಲಕ್ಕಿಂತ ಹೆಚ್ಚು.

ಇನ್ನೊಂದು ಲೆಕ್ಕ ನೋಡಿ. ದೇಶದಲ್ಲಿ ಹಿಂಸೆ ಅನುಭವಿಸಿದ 100 ಹೆಂಗಸರಲ್ಲಿ ಸಹಾಯ ಕೇಳಿದವರು 14 ಮಂದಿ ಮಾತ್ರ. ಉಳಿದ 86 ಜನ ಯಾರ ಸಹಾಯವನ್ನೂ ಕೇಳಲಿಲ್ಲ. ಜಾರಿ ಬಿದ್ದೆ, ಬಾಗಿಲು ತಗುಲಿತು ಎಂದವರು ಅವರಲ್ಲಿ ಎಷ್ಟು ಜನವೋ.

ಸಹಾಯ ಎಲ್ಲಿದೆ?

ಈಗಲೇ ಜೀವಕ್ಕೆ ಅಪಾಯ ಇದ್ದರೆ 112ಕ್ಕೆ ಫೋನು ಮಾಡಿ. ಪೊಲೀಸರು ಬರುತ್ತಾರೆ.

ಮಾತಾಡಬೇಕು, ದಾರಿ ಕೇಳಬೇಕು ಅಂದರೆ 181ಕ್ಕೆ ಮಾಡಿ. ಇದು ಮಹಿಳೆಯರ ಸಹಾಯವಾಣಿ. ಹಗಲು ರಾತ್ರಿ ಇರುತ್ತೆ. ಫೋನಿನಲ್ಲಿ ನಂಬರು ಉಳಿಯುತ್ತೆ. ಮಾತಾಡಿದ ಮೇಲೆ ಅಳಿಸಿಬಿಡಿ. ಅಥವಾ ನೆರೆಯವರ ಫೋನಿನಿಂದ ಮಾಡಿ.

ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಮಾಡಿ. ಕನ್ನಡದಲ್ಲಿ ಮಾತಾಡುತ್ತಾರೆ. ಸಮಾಧಾನವಾಗಿ ಕೇಳುತ್ತಾರೆ. ಕಾಸು ಇಲ್ಲ.

ಊರಿನಲ್ಲಿ ಮೊದಲು ಅಂಗನವಾಡಿ ಅಕ್ಕನಿಗೆ ಹೇಳಬಹುದು. ಆಶಾ ಅಕ್ಕನಿಗೆ ಹೇಳಬಹುದು. ಸಂಘದ ಹೆಂಗಸರಿಗೆ ಹೇಳಬಹುದು.

ತಾಲ್ಲೂಕಿನಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಇರುತ್ತಾರೆ. ನಾವು ಸಿ.ಡಿ.ಪಿ.ಓ. ಅನ್ನುತ್ತೇವೆ. ನಮ್ಮ ರಾಜ್ಯದಲ್ಲಿ ಅವರೇ ಸಂರಕ್ಷಣಾಧಿಕಾರಿ. ಅಂಗನವಾಡಿಯ ಮೇಲಿನ ಕಚೇರಿ ಅದು. ನೀವು ಬಾಯಲ್ಲಿ ಹೇಳಿದರೂ ಸಾಕು. ಅವರು ಬರೆದುಕೊಳ್ಳಬೇಕು. ನಡೆದದ್ದರ ವರದಿಯನ್ನು ನ್ಯಾಯಾಲಯಕ್ಕೆ ಕಳಿಸಬೇಕು. ನಿಮಗೆ ವಕೀಲರು, ಆಸ್ಪತ್ರೆ, ತಂಗುವ ಜಾಗ ಸಿಗುವಂತೆ ಮಾಡುವುದು ಅವರ ಕೆಲಸ.

ಹಾಸನದಲ್ಲಿ ಜಿಲ್ಲೆಯ "ಸಖಿ" ಕೇಂದ್ರ ಇದೆ. ಇಂಥ ಕೇಂದ್ರಗಳು 2015ರಿಂದ ದೇಶದಲ್ಲಿ ಬಂದವು. ಚಿಕಿತ್ಸೆ, ಪೊಲೀಸರ ನೆರವು, ವಕೀಲರ ಮಾತು, ಮನಸ್ಸಿಗೆ ಸಮಾಧಾನ, ಎಲ್ಲಕ್ಕೂ ಒಂದೇ ಕಡೆ ದಾರಿ ಸಿಗಲಿ ಅಂತ ಮಾಡಿದ್ದಾರೆ. ಮಕ್ಕಳ ಜೊತೆ ಐದು ದಿನದವರೆಗೆ ತಂಗಬಹುದು. ಹೆಚ್ಚು ದಿನ ಇರಬೇಕಾದರೆ ಬೇರೆ ತಂಗುಮನೆಗೆ ಕಳಿಸುತ್ತಾರೆ.

ಕೊರವಂಗಲದಿಂದ ಹಾಸನ ಸುಮಾರು 10 ಕಿಲೋಮೀಟರ್. ಬಸ್ಸಿಗೆ ಕಾಸಿಲ್ಲ ಅಂತ ನಿಲ್ಲಬೇಕಾಗಿಲ್ಲ. 2023ರ ಜೂನ್ 11ರಿಂದ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟು ಉಚಿತ. ಆಧಾರ್ ಕಾರ್ಡು ಇಟ್ಟುಕೊಳ್ಳಿ.

ಪೊಲೀಸ್ ಠಾಣೆಗೂ ಹೋಗಬಹುದು. ಗಂಡ, ಗಂಡನ ಮನೆಯವರು ಕ್ರೂರವಾಗಿ ನಡೆದುಕೊಂಡರೆ ಅದು ಅಪರಾಧ ಅಂತ 1983ರಲ್ಲೇ ಕಾನೂನು ಬಂತು. 2024ರ ಜುಲೈ 1ರಿಂದ ಅದು ಹೊಸ ಕಾನೂನಿನಲ್ಲಿದೆ. ಮೂರು ವರ್ಷದವರೆಗೆ ಜೈಲು ಆಗಬಹುದು. ಇಂಥ ಅಪರಾಧದ ದೂರು ಕೊಟ್ಟಾಗ "ಇದು ನಮ್ಮ ಠಾಣೆಯ ಸರಹದ್ದಲ್ಲ" ಅಂತ ವಾಪಸು ಕಳಿಸುವಂತಿಲ್ಲ. ದಾಖಲಾದ ದೂರಿನ ಪ್ರತಿಯನ್ನು ಕೇಳಿ ಪಡೆಯಿರಿ. ಅದಕ್ಕೆ ಕಾಸು ಕೊಡಬೇಕಾಗಿಲ್ಲ.

ವಕೀಲರಿಗೆ ಹಣ ಎಲ್ಲಿಂದ ತರೋಣ? ತರಬೇಕಾಗಿಲ್ಲ. ಹೆಂಗಸರಿಗೆ, ಬಡವರಾಗಲಿ ಉಳ್ಳವರಾಗಲಿ, ಸರ್ಕಾರವೇ ಉಚಿತ ವಕೀಲರನ್ನು ಕೊಡುತ್ತೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲ ಕಡೆ ನ್ಯಾಯಾಲಯ ಇದೆ. ಅಲ್ಲಿ ಹೋಗಿ "ಕಾನೂನು ಸೇವೆಯವರು ಎಲ್ಲಿ?" ಎಂದು ಕೇಳಿ. 15100ಕ್ಕೆ ಫೋನು ಮಾಡಿಯೂ ಕೇಳಬಹುದು.

ನ್ಯಾಯಾಲಯ ಏನು ಮಾಡುತ್ತೆ?

"ಕೇಸು ಹಾಕಿದರೆ ಗಂಡನನ್ನು ಜೈಲಿಗೆ ಹಾಕ್ತಾರೆ. ನಾನು ಬೀದಿಗೆ ಬೀಳ್ತೀನಿ." ಈ ಭಯ ಬಹಳ ಜನಕ್ಕೆ ಇದೆ. 2005ರ ಕಾನೂನು ಹಾಗಲ್ಲ. ಮೊದಲು ಹಿಂಸೆ ನಿಲ್ಲಿಸುವುದು ಅದರ ಕೆಲಸ.

ಹೊಡೆಯಬಾರದು, ಹತ್ತಿರ ಬರಬಾರದು, ಕೆಲಸದ ಜಾಗಕ್ಕೆ ಬಂದು ಕಾಡಬಾರದು ಅಂತ ನ್ಯಾಯಾಧೀಶರು ಆದೇಶ ಕೊಡಬಹುದು. ಆದೇಶ ಮೀರಿದರೆ ಆಗ ಜೈಲು. ಒಂದು ವರ್ಷದವರೆಗೆ ಜೈಲು, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ನಿಮ್ಮನ್ನು ಮನೆಯಿಂದ ಹೊರಗೆ ಹಾಕಬಾರದು ಅಂತ ಆದೇಶ ಕೊಡಬಹುದು. ಮನೆ ಮಾವನ ಹೆಸರಲ್ಲಿದೆ, ಅತ್ತೆಯ ಹೆಸರಲ್ಲಿದೆ ಅಂತ ಹೆದರಬೇಡಿ. ನೀವು ಸಂಸಾರ ಮಾಡಿದ ಮನೆ ಅವರ ಹೆಸರಲ್ಲಿದ್ದರೂ ಅಲ್ಲಿ ಇರುವ ಹಕ್ಕು ಕೇಳಬಹುದು. 2020ರ ಅಕ್ಟೋಬರ್ 15ರಂದು ಸುಪ್ರೀಂ ಕೋರ್ಟು ಹೀಗೆ ತೀರ್ಪು ಕೊಟ್ಟಿದೆ. ಮನೆ ನಿಮ್ಮ ಹೆಸರಿಗೆ ಬರುತ್ತೆ ಅಂತಲ್ಲ. ಕತ್ತು ಹಿಡಿದು ತಳ್ಳುವಂತಿಲ್ಲ ಅಂತ.

ನಿಮಗೂ ಮಕ್ಕಳಿಗೂ ಜೀವನಕ್ಕೆ ಹಣ ಕೊಡಿಸಬಹುದು. ಆಸ್ಪತ್ರೆ ಖರ್ಚು ಕೊಡಿಸಬಹುದು. ನಿಮ್ಮ ಒಡವೆ, ಕಾಗದ ಪತ್ರ ವಾಪಸು ಕೊಡಿಸಬಹುದು. ಮಕ್ಕಳು ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ ಅನ್ನಬಹುದು.

ಅರ್ಜಿ ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ ಇಡಬೇಕು, 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾನೂನಲ್ಲಿದೆ. ಎಷ್ಟೋ ಸಲ ಹೆಚ್ಚು ದಿನ ಹಿಡಿಯುತ್ತೆ. ಸುಳ್ಳು ಭರವಸೆ ನಾವು ಕೊಡುವುದಿಲ್ಲ. ತಡವಾದರೆ ಕೈ ಬಿಡಬೇಡಿ. ಮಧ್ಯದಲ್ಲೇ ತಾತ್ಕಾಲಿಕ ಆದೇಶ ಕೊಡಿ ಅಂತ ಕೇಳಬಹುದು.

ನಾವು ಕಲಿತ ಅಕ್ಷರ ಇಲ್ಲಿ ಕೆಲಸಕ್ಕೆ ಬರುತ್ತೆ

ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಯಾವತ್ತು ಏನಾಯ್ತು, ಬರೆಯಿರಿ. ತಾರೀಖು ಹಾಕಿ. ಯಾರು ನೋಡಿದರು ಬರೆಯಿರಿ. ಪುಸ್ತಕ ಮನೆಯಲ್ಲಿ ಇಡಬೇಡಿ. ನಂಬಿಕೆಯವರ ಹತ್ತಿರ ಇಡಿ. ಪುಸ್ತಕ ಕಷ್ಟ ಅಂದರೆ ಕ್ಯಾಲೆಂಡರಿನಲ್ಲಿ ಒಂದು ಸಣ್ಣ ಗುರುತು ಹಾಕಿ. ಆಮೇಲೆ ದಿನ ನೆನಪಾಗುತ್ತೆ.

ಗಾಯ ಆದರೆ ಆಸ್ಪತ್ರೆಗೆ ಹೋಗಿ. ಡಾಕ್ಟರ ಹತ್ತಿರ ನಿಜ ಹೇಳಿ. ಚೀಟಿ ಜೋಪಾನ ಮಾಡಿ. "ಜಾರಿ ಬಿದ್ದೆ" ಅಂದರೆ ಚೀಟಿಯಲ್ಲೂ ಹಾಗೆಯೇ ಬರೆಯುತ್ತಾರೆ.

ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಮಕ್ಕಳ ಜನನ ಪತ್ರ, ಲಗ್ನಪತ್ರಿಕೆ, ಮದುವೆ ಫೋಟೊ. ಇವುಗಳ ಜೆರಾಕ್ಸ್ ಒಂದು ಚೀಲದಲ್ಲಿ ಕಟ್ಟಿ ಬೇರೆ ಮನೆಯಲ್ಲಿ ಇಡಿ. ಜೊತೆಗೆ ಸ್ವಲ್ಪ ಕಾಸು, ಒಂದು ಜೊತೆ ಬಟ್ಟೆ. ಬಿಟ್ಟು ಹೋಗುತ್ತೇನೆ ಅಂತ ಮುಂಚೆಯೇ ಹೇಳಬೇಡಿ. ಮನೆ ಬಿಡುವ ಹೊತ್ತಿನಲ್ಲೇ ಪೆಟ್ಟು ಜೋರಾಗುವುದುಂಟು. ಹೊಡೆತ ಶುರುವಾದರೆ ಮಚ್ಚು, ಈಳಿಗೆಮಣೆ ಇರುವ ಅಡುಗೆಮನೆಗೆ ಹೋಗಬೇಡಿ. ಬಾಗಿಲ ಕಡೆ ಹೋಗಿ.

ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಪಂಚಾಯ್ತಿ ಕೂರಿಸಿ ರಾಜಿ ಪತ್ರ ಅಂತ ಕೊಟ್ಟರೆ ಪೂರ್ತಿ ಓದಿ. ಅರ್ಥ ಆಗದಿದ್ದರೆ "ನಾಳೆ ಹಾಕ್ತೀನಿ" ಅನ್ನಿ. ಮೊದಲು ಹೆಬ್ಬೆಟ್ಟು ಹಿಡಿದು ಒತ್ತಿಸಿಕೊಳ್ಳುತ್ತಿದ್ದರು. ಈಗ ನಿಮಗೆ ಓದು ಬರುತ್ತೆ.

ಅರ್ಜಿ ಹೀಗೆ ಬರೆಯಬಹುದು:

"ಸಂರಕ್ಷಣಾಧಿಕಾರಿಗಳಿಗೆ,
ನನ್ನ ಹೆಸರು ........... ಊರು ...........
ನನ್ನ ಗಂಡ ........... ನನಗೆ ........... ದಿನದಂದು ಹೊಡೆದರು.
ಇದಕ್ಕೆ ಮೊದಲೂ ........... ಸಲ ಹೊಡೆದಿದ್ದಾರೆ.
ನೋಡಿದವರು ...........
ನನಗೂ ಮಕ್ಕಳಿಗೂ ರಕ್ಷಣೆ ಬೇಕು.
ತಾರೀಖು ........... ಸಹಿ ..........."

ಎರಡು ಪ್ರತಿ ಬರೆಯಿರಿ. ಒಂದು ಕಚೇರಿಗೆ. ಇನ್ನೊಂದರ ಮೇಲೆ ಕಚೇರಿಯ ಮೊಹರು ಹಾಕಿಸಿ ನೀವು ಇಟ್ಟುಕೊಳ್ಳಿ.

ಪಕ್ಕದ ಮನೆಯಲ್ಲಿ ಆದರೆ?

ಗೋಡೆಯಾಚೆ ಅಳುವ ಸದ್ದು ಕೇಳುತ್ತೆ. ನಾವು ಟಿ.ವಿ. ಸದ್ದು ಜೋರು ಮಾಡುತ್ತೇವೆ. ಹಾಗೆ ಮಾಡಬಾರದು. ಹೋಗಿ ಬಾಗಿಲು ತಟ್ಟಿ. "ಸ್ವಲ್ಪ ಮಜ್ಜಿಗೆ ಇದ್ರೆ ಕೊಡಿ" ಅಂತ ಕೇಳಿ. ಆ ಹೊತ್ತಿಗೆ ಎತ್ತಿದ ಕೈ ನಿಲ್ಲಬಹುದು. ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ. ಅಪಾಯ ಅನ್ನಿಸಿದರೆ 112ಕ್ಕೆ ಮಾಡಿ. ಹಿಂಸೆ ಆಗುತ್ತಿದೆ ಅಂತ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಆಗುವುದಿಲ್ಲ. ಇದೂ ಕಾನೂನಲ್ಲೇ ಇದೆ.

ಯಾರಾದರೂ ಬಂದು ಹೇಳಿಕೊಂಡರೆ ಮೂರು ಮಾತು ಸಾಕು. "ನಿನ್ನ ಮಾತು ನಂಬ್ತೀನಿ." "ತಪ್ಪು ನಿನ್ನದಲ್ಲ." "ನಾನು ಜೊತೆಗೆ ಬರ್ತೀನಿ." ಮನೆ ಬಿಡು, ಬಿಡಬೇಡ ಅಂತ ನಾವು ತೀರ್ಮಾನ ಮಾಡಬಾರದು. ಬದುಕು ಅವರದು. ತೀರ್ಮಾನವೂ ಅವರದು. ಊರೆಲ್ಲ ಹೇಳಿಕೊಂಡು ತಿರುಗಲೂಬಾರದು.

ಆ ದಿನ ನಮಗೆ ಈ ಮೂರು ಮಾತು ಬಾಯಿಗೆ ಬರಲಿಲ್ಲ. ಆ ತಾಯಿ ಈ ಪುಸ್ತಕ ಓದಿದರೆ ಒಂದು ಮಾತು ಹೇಳಬೇಕು. ಅವ್ವ, ಮತ್ತೆ ಬನ್ನಿ. ಕೇಂದ್ರದ ಬಾಗಿಲು ತೆಗೆದಿದೆ. ಈ ಸಲ ನಾವು ಗಾದೆ ಹೇಳುವುದಿಲ್ಲ. ಜೊತೆಗೆ ಬರುತ್ತೇವೆ.

ನೆನಪಿಡೋಣ

ಜೀವಕ್ಕೆ ಅಪಾಯ: 112
ಮಹಿಳಾ ಸಹಾಯವಾಣಿ: 181
ಉಚಿತ ವಕೀಲರು: 15100
ಮನಸ್ಸಿನ ನೋವು: 14416
ಮಕ್ಕಳಿಗೆ ಸಹಾಯ: 1098

ಓದಿ, ಮಾತಾಡಿ

1. ಜಗಳಕ್ಕೂ ದೌರ್ಜನ್ಯಕ್ಕೂ ಏನು ವ್ಯತ್ಯಾಸ? ನಿಮ್ಮ ಮಾತಲ್ಲಿ ಹೇಳಿ.
2. ಕಾನೂನು ಹೇಳುವ ನಾಲ್ಕು ಬಗೆಯ ಹಿಂಸೆ ಯಾವುವು?
3. ನಿಮ್ಮ ತಾಲ್ಲೂಕಿನ ಸಿ.ಡಿ.ಪಿ.ಓ. ಕಚೇರಿ ಎಲ್ಲಿದೆ? ಗುಂಪಾಗಿ ಹೋಗಿ ನೋಡಿ ಬನ್ನಿ. ಬೋರ್ಡು ಓದಿ ಬನ್ನಿ.
4. 181 ಮತ್ತು 112 ಈ ಎರಡು ನಂಬರನ್ನು ಐದು ಸಲ ಬರೆಯಿರಿ. ಮಗಳಿಗೂ ಕಲಿಸಿ.